ಸೈಕಲ್ಲಿನ ಪ್ರಖರ ಮುಂದೀಪ

ಬೀದಿದೀಪವಿಲ್ಲದ ದಾರಿಯಲ್ಲಿ ಸವಾರನಿಗೆ ರಸ್ತೆ ಕಾಣುವಷ್ಟು ಬೆಳಕು ಕೊಡುವ, ಹ್ಯಾಂಡಲ್ಲಿಗೋ ಮುಂಚಕ್ರದ ಫೋರ್ಕಿಗೋ ಹೆಲ್ಮೆಟ್ಟಿಗೋ ಕಟ್ಟಿಕೊಳ್ಳುವ ದೀಪ. ಸೈಕಲ್ ದೀಪಗಳಲ್ಲಿ ಎರಡು ಬಗೆ. ಸವಾರ ಬೇರೆಯವರ ಕಣ್ಣಿಗೆ ಬೀಳಲಿ ಎಂದು ಹಾಕುವುದು ಒಂದು. ಊರೊಳಗಿನ ಓಡಾಟಕ್ಕೆ 50ರಿಂದ 100 ಲ್ಯೂಮೆನ್‌ನ ಪುಟ್ಟ ದೀಪ ಈ ಕೆಲಸಕ್ಕೆ ಸಾಕು. ಸವಾರನ ಕಣ್ಣಿಗೆ ರಸ್ತೆಯೇ ಬೀಳಲಿ ಎಂದು ಹಾಕುವುದು ಇನ್ನೊಂದು. ಈ ಲೇಖನ ಎರಡನೆಯದನ್ನು ಕುರಿತದ್ದು. ಅಂಗಡಿಯಲ್ಲಿ ಇಂಥ ದೀಪಗಳನ್ನು ಲ್ಯೂಮೆನ್ ಲೆಕ್ಕದಲ್ಲಿ ಮಾರುತ್ತಾರೆ, ಕೊಳ್ಳುವವರೂ ಅದನ್ನೇ ಕೇಳುತ್ತಾರೆ. ಕತ್ತಲಲ್ಲಿ ರಸ್ತೆಗೆ ಇಳಿದ ಮೇಲೆ ಲೆಕ್ಕಕ್ಕೆ ಬರುವ ಸಂಗತಿಗಳು ಬೇರೆ: ಬೆಳಕು ಎಲ್ಲಿ ಬೀಳುತ್ತದೆ, ಎಷ್ಟು ಹೊತ್ತು ಅದೇ ಪ್ರಮಾಣದಲ್ಲಿ ನಿಲ್ಲುತ್ತದೆ, ಎದುರು ಬರುವವರ ಕಣ್ಣಿಗೆ ಎಷ್ಟು ಚುಚ್ಚುತ್ತದೆ.

ಎಣ್ಣೆಯಿಂದ ಎಲ್‌ಇಡಿವರೆಗೆ

ಮೊದಲ ಸೈಕಲ್ ದೀಪಗಳು ಎಣ್ಣೆಯವು. ಬರ್ಮಿಂಗ್‌ಹ್ಯಾಮಿನ ಜೋಸೆಫ್ ಲೂಕಸ್ 1880ರ ಆಸುಪಾಸಿನಲ್ಲಿ ‘ಕಿಂಗ್ ಆಫ್ ದ ರೋಡ್’ ಹೆಸರಿನ ದೀಪಗಳನ್ನು ಮಾರುತ್ತಿದ್ದ. ಮುಂದೆ ಆಳೆತ್ತರದ ಚಕ್ರ, ಹಿಂದೆ ಚಿಕ್ಕ ಚಕ್ರ ಇದ್ದ ಅಂದಿನ ಸೈಕಲ್ಲಿನಲ್ಲಿ ಆ ದೀಪ ಮುಂಚಕ್ರದ ಕಡ್ಡಿಗಳ ನಡುವೆ, ಅಚ್ಚಿನಿಂದ ತೂಗಾಡುತ್ತಿತ್ತು. ಅದೇ ಕಂಪನಿ ಮುಂದೆ ಮೋಟಾರು ವಾಹನಗಳ ವಿದ್ಯುತ್ ಸಾಮಗ್ರಿಗೆ ಹೆಸರಾಯಿತು. ನಮ್ಮಲ್ಲಿ ಲೂಕಸ್-ಟಿವಿಎಸ್ ಎಂಬ ಹೆಸರಿನಲ್ಲಿ ಉಳಿದಿರುವುದು ಅದೇ ಲೂಕಸ್.

1892ರಲ್ಲಿ ಥಾಮಸ್ ವಿಲ್ಸನ್ ಅಮೆರಿಕದಲ್ಲಿ ವಿದ್ಯುತ್ ಕುಲುಮೆಯಿಂದ ಅಲ್ಯೂಮಿನಿಯಂ ತೆಗೆಯುವ ದಾರಿ ಹುಡುಕುತ್ತಿದ್ದಾಗ ಕೈಗೆ ಸಿಕ್ಕಿದ್ದು ಕ್ಯಾಲ್ಸಿಯಂ ಕಾರ್ಬೈಡ್. ಅದರ ಮೇಲೆ ನೀರು ಬಿದ್ದರೆ ಅಸಿಟಿಲೀನ್ ಅನಿಲ ಹೊರಡುತ್ತದೆ, ಅನಿಲ ಬಿಳಿಯಾಗಿ ಉರಿಯುತ್ತದೆ. ಸೈಕಲ್ಲಿನ ಕಾರ್ಬೈಡ್ ದೀಪದಲ್ಲಿ ಮೇಲೊಂದು ನೀರಿನ ಡಬ್ಬಿ, ಕೆಳಗೊಂದು ಕಾರ್ಬೈಡ್ ಡಬ್ಬಿ, ನಡುವೆ ಹನಿ ಬಿಡುವ ತಿರುಪು ಇರುತ್ತಿತ್ತು. ಹನಿ ಹೆಚ್ಚಿಸಿದರೆ ಬೆಳಕು ಹೆಚ್ಚು. ಮನೆ ಮುಟ್ಟಿದ ಮೇಲೆ ತಳದಲ್ಲಿ ಉಳಿದ ಸುಣ್ಣದ ಕೆಸರನ್ನು ಕೆರೆದು ತೆಗೆಯುವುದು ನಿತ್ಯದ ಕೆಲಸ, ವಾಸನೆ ಬೇರೆ. ಆದರೂ ಎಣ್ಣೆದೀಪದ ಪಕ್ಕದಲ್ಲಿ ಇದು ನಿಜವಾಗಿ ದಾರಿ ತೋರಿಸುವ ದೀಪವಾಗಿತ್ತು.

ಅನಂತರ ಬಂದದ್ದು ಡೈನಮೊ. ಟೈರಿನ ಪಕ್ಕೆಗೆ ಒರಗಿಸಿದರೆ ಗುಂಯ್ ಎಂದು ತಿರುಗಿ 6 ವೋಲ್ಟ್‌ನಲ್ಲಿ 3 ವಾಟ್ ಕೊಡುವ ಸೀಸೆಯಾಕಾರದ ಯಂತ್ರ, ಅದರಲ್ಲಿ 2.4 ವಾಟ್ ಮುಂದೀಪಕ್ಕೆ, 0.6 ವಾಟ್ ಹಿಂದೀಪಕ್ಕೆ. ತಂತಿ ಬಲ್ಬಿನ ಕಾಲದಲ್ಲಿ ಆ 2.4 ವಾಟ್‌ನಿಂದ 40 ಲ್ಯೂಮೆನ್ ಕೂಡ ಹುಟ್ಟುತ್ತಿರಲಿಲ್ಲ. ಸೈಕಲ್ ನಿಂತರೆ ದೀಪವೂ ಆರಿತು. ಇಳಿಜಾರಿನಲ್ಲಿ ಜೋರಾಗಿ ಹೋದರೆ ಬಲ್ಬು ಸುಟ್ಟಿತು. ಮಳೆಯಲ್ಲಿ ಡೈನಮೊದ ಗಾಲಿ ಟೈರಿನ ಮೇಲೆ ಜಾರಿತು. ಕರ್ನಾಟಕದ ಪಟ್ಟಣಗಳಲ್ಲಿ ಸೈಕಲ್ಲಿಗೆ ಪುರಸಭೆಯ ಬಿಲ್ಲೆ ಇರಬೇಕಿದ್ದ ಕಾಲದಲ್ಲಿ, ಕತ್ತಲಾದ ಮೇಲೆ ದೀಪವಿಲ್ಲದೆ ಹೊರಟವರಿಗೆ ಮೂಲೆಯಲ್ಲಿ ನಿಂತ ಪೊಲೀಸಿನವರ ಭಯ ಇತ್ತು. ಡೈನಮೊ ಕೊಳ್ಳಲಾಗದವರು ಒಂದು ಕೈಯಲ್ಲಿ ಟಾರ್ಚು ಹಿಡಿದು ಇನ್ನೊಂದು ಕೈಯಲ್ಲಿ ಹ್ಯಾಂಡಲ್ ಹಿಡಿಯುತ್ತಿದ್ದರು. ಟೈರಿಗೆ ಉಜ್ಜದೆ ಚಕ್ರದ ಹಬ್ಬಿನೊಳಗೇ ಕೂರುವ ಡೈನಮೊವನ್ನು ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನ ಸ್ಟರ್ಮಿ-ಆರ್ಚರ್ ಕಂಪನಿ 1936ರಲ್ಲೇ ತಂದಿತ್ತು. ಇಂದಿನ ಹಬ್ ಡೈನಮೊಗಳ ಹಿರಿಯಣ್ಣ ಅದು.

ಪ್ರಖರ ಎನ್ನಬಹುದಾದ ದೀಪಕ್ಕೆ ಬೇಡಿಕೆ ಹುಟ್ಟಿಸಿದ್ದು ರಸ್ತೆಯಲ್ಲ, ಗುಡ್ಡ. 1992ರಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯದ ಕನಾನ್‌ನಲ್ಲಿ ಲೇರ್ಡ್ ನೈಟ್ ಎಂಬಾತ 24 ಗಂಟೆಯ ಮೌಂಟನ್ ಬೈಕ್ ರಿಲೇ ಸ್ಪರ್ಧೆ ನಡೆಸಿದ. ಕಲ್ಲು, ಬೇರು, ಕೊರಕಲುಗಳ ನಡುವೆ ರಾತ್ರಿಯಿಡೀ ಓಡಿಸಬೇಕಾದ ಇಂಥ ಸ್ಪರ್ಧೆಗಳು ಹಬ್ಬುತ್ತಿದ್ದಂತೆ ಅಮೆರಿಕದ ನೈಟ್‌ರೈಡರ್, ಜರ್ಮನಿಯ ಲೂಪಿನ್ ಮೊದಲಾದ ಕಂಪನಿಗಳು ಹ್ಯಾಲೊಜನ್ ದೀಪಗಳನ್ನು ತಯಾರಿಸಿದವು. ನೀರಿನ ಬಾಟಲಿ ಇಡುವ ಜಾಗದಲ್ಲಿ ಇಟ್ಟಿಗೆಯಷ್ಟು ಭಾರದ ಬ್ಯಾಟರಿ ಕೂರುತ್ತಿತ್ತು. 2000ದ ಸುಮಾರಿಗೆ ಕಾರುಗಳಲ್ಲಿದ್ದಂಥ ಅನಿಲ ವಿಸರ್ಜನ ದೀಪ ಸೈಕಲ್ಲಿಗೂ ಬಂತು. ಅದರ ಬೆಲೆಯೂ ಹೆಚ್ಚು, ನಾಜೂಕೂ ಹೆಚ್ಚು. ಒಮ್ಮೆ ಆರಿಸಿದರೆ ಬಿಸಿ ಇಳಿಯುವವರೆಗೆ ಮತ್ತೆ ಹೊತ್ತಿಕೊಳ್ಳದೆ ಸತಾಯಿಸುತ್ತಿತ್ತು.

ಈ ಎಲ್ಲವನ್ನೂ ಮೂಲೆಗೆ ತಳ್ಳಿದ್ದು ಎಲ್‌ಇಡಿ. ಜಪಾನಿನ ನಿಚಿಯಾ ಕಂಪನಿಯಲ್ಲಿ ಶುಜಿ ನಕಮುರ 1993ರಲ್ಲಿ ಪ್ರಖರ ನೀಲಿ ಎಲ್‌ಇಡಿ ಸಾಧಿಸಿದರು. ಅದರ ಮೇಲೆ ಹಳದಿ ಬೆಳಕು ಬೀರುವ ಲೇಪ ಹಚ್ಚಿ ಬಿಳಿ ಎಲ್‌ಇಡಿ ಮಾಡುವುದು 1996ರಲ್ಲಿ ಸಾಧ್ಯವಾಯಿತು. ನೀಲಿ ಎಲ್‌ಇಡಿಗಾಗಿ ನಕಮುರ, ಇದೇ ಶೋಧದಲ್ಲಿ ದುಡಿದಿದ್ದ ಅಕಸಾಕಿ, ಅಮಾನೊ ಮೂವರಿಗೂ 2014ರ ಭೌತಶಾಸ್ತ್ರದ ನೊಬೆಲ್ ಸಂದಿತು. 2010ರ ಕೊನೆಗೆ ಅಮೆರಿಕದ ಕ್ರೀ ಕಂಪನಿ ತಂದ ಎಕ್ಸ್‌ಎಂ-ಎಲ್ ಎಂಬ ಎಲ್‌ಇಡಿ, ಐದು ಮಿಲಿಮೀಟರ್ ಚೌಕದ ಒಂದು ಚೂರಿನಿಂದ 10 ವಾಟ್‌ನಲ್ಲಿ 1000 ಲ್ಯೂಮೆನ್ ಕೊಡುವಷ್ಟು ಸಮರ್ಥವಾಗಿತ್ತು. ಸಾವಿರ ಲ್ಯೂಮೆನ್ ಅಂಗೈಯಲ್ಲಿ ಹಿಡಿಯುವ ವಸ್ತುವಾದದ್ದು ಆಗ. ಅಂಕಿಗಳ ಹುಚ್ಚು ಮೇಲಾಟ ಶುರುವಾದದ್ದೂ ಆಗಲೇ.

ಲ್ಯೂಮೆನ್ ಒಂದು, ಲಕ್ಸ್ ಇನ್ನೊಂದು

ದೀಪದಿಂದ ಎಲ್ಲ ದಿಕ್ಕಿಗೂ ಹೊರಡುವ ಬೆಳಕಿನ ಒಟ್ಟು ಮೊತ್ತ ಲ್ಯೂಮೆನ್. ಒಂದು ದಿಕ್ಕಿನಲ್ಲಿ ಅದು ಎಷ್ಟು ತೀಕ್ಷ್ಣವಾಗಿ ಹೊರಡುತ್ತದೆ ಎಂಬುದು ಕ್ಯಾಂಡೆಲಾ. ಎದುರಿನ ವಸ್ತುವಿನ ಮೇಲೆ ಎಷ್ಟು ಬಿತ್ತು ಎಂಬುದು ಲಕ್ಸ್. ಚದರ ಮೀಟರಿಗೆ ಒಂದು ಲ್ಯೂಮೆನ್ ಬಿದ್ದರೆ ಒಂದು ಲಕ್ಸ್. ಒಂದು ಕೊಡ ನೀರನ್ನು ಅಂಗಳಕ್ಕೆಲ್ಲ ಚಿಮುಕಿಸಬಹುದು, ಒಂದೇ ಗಿಡದ ಬುಡಕ್ಕೂ ಸುರಿಯಬಹುದು. ಕೊಡದ ಅಳತೆ ಲ್ಯೂಮೆನ್, ಬುಡ ನೆನೆದದ್ದು ಲಕ್ಸ್.

ದೂರ ಹೆಚ್ಚಿದಂತೆ ಬೆಳಕು ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುತ್ತದೆ. 10 ಮೀಟರಿನಲ್ಲಿ 40 ಲಕ್ಸ್ ಕೊಡುವ ದೀಪ 20 ಮೀಟರಿನಲ್ಲಿ 10 ಲಕ್ಸ್, 40 ಮೀಟರಿನಲ್ಲಿ ಎರಡೂವರೆ ಲಕ್ಸ್ ಕೊಡುತ್ತದೆ. ಬೆಳಕಿನ ಆಕಾರ ಬದಲಿಸದೆ ಎರಡು ಪಟ್ಟು ದೂರ ಕಾಣಬೇಕೆಂದರೆ ನಾಲ್ಕು ಪಟ್ಟು ಲ್ಯೂಮೆನ್ ಬೇಕು. ಆದ್ದರಿಂದ 1000 ಲ್ಯೂಮೆನ್ ಬಿಟ್ಟು 1200ರದ್ದಕ್ಕೆ ಹೆಚ್ಚು ದುಡ್ಡು ಕೊಟ್ಟವರಿಗೆ ರಸ್ತೆಯ ಮೇಲೆ ಆ ವ್ಯತ್ಯಾಸ ಕಾಣುವುದೇ ಇಲ್ಲ.

ಡಬ್ಬದ ಮೇಲೆ ಅಚ್ಚಾಗಿರುವ ಬೆಳಕಿನ ದೂರವನ್ನೂ ಹುಷಾರಾಗಿ ಓದಬೇಕು. ಟಾರ್ಚುಗಳಿಗಾಗಿ 2009ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ಎಫ್‌ಎಲ್-1 ಮಾನಕವನ್ನು ಹಲವು ಸೈಕಲ್ ದೀಪ ತಯಾರಕರೂ ಅನುಸರಿಸುತ್ತಾರೆ. ಅದರ ಪ್ರಕಾರ ಬೆಳಕು 0.25 ಲಕ್ಸಿಗೆ ಇಳಿಯುವ ಜಾಗವೇ ದೀಪದ ದೂರ. 0.25 ಲಕ್ಸ್ ಎಂದರೆ ಹೆಚ್ಚುಕಡಿಮೆ ಹುಣ್ಣಿಮೆಯ ಬೆಳದಿಂಗಳು. 4000 ಕ್ಯಾಂಡೆಲಾದ ದೀಪಕ್ಕೆ ಈ ಲೆಕ್ಕದಲ್ಲಿ 126 ಮೀಟರ್ ಎಂದು ಬರೆಯಬಹುದು. ಆದರೆ ಗುಂಡಿಯೋ ಕಲ್ಲೋ ಎಂದು ತಿಳಿಯುವಷ್ಟು ಬೆಳಕು ಬೇಕಾದ ಸವಾರನಿಗೆ ಅದರಲ್ಲಿ ಕಾಲು ಭಾಗ ದಕ್ಕಿದರೆ ಹೆಚ್ಚು.

ಎಷ್ಟು ದೂರ ಕಾಣಬೇಕು

ಇದನ್ನು ನಿರ್ಧರಿಸುವುದು ವೇಗ. ಎದುರಿಗೆ ಏನೋ ಇದೆ ಎಂದು ಕಂಡು ಬ್ರೇಕಿಗೆ ಕೈ ಹೋಗಲು ಒಂದೂವರೆ ಸೆಕೆಂಡು, ಆಮೇಲೆ ಒಣರಸ್ತೆಯಲ್ಲಿ ಪ್ರತಿ ಸೆಕೆಂಡೂ ವೇಗ ಸೆಕೆಂಡಿಗೆ 4 ಮೀಟರಿನಷ್ಟು ಇಳಿಯುತ್ತದೆ ಎಂದು ಇಟ್ಟುಕೊಂಡರೆ, ಗಂಟೆಗೆ 20 ಕಿ.ಮೀ. ವೇಗದವನು ನಿಲ್ಲಲು ಸುಮಾರು 12 ಮೀಟರ್ ಬೇಕು. 30 ಕಿ.ಮೀ. ವೇಗಕ್ಕೆ 21 ಮೀಟರ್, ಇಳಿಜಾರಿನ 50 ಕಿ.ಮೀ. ವೇಗಕ್ಕೆ 45 ಮೀಟರ್. ರಸ್ತೆ ಒದ್ದೆಯಾಗಿದ್ದರೆ ಇನ್ನೂ ಹೆಚ್ಚು. 12 ಮೀಟರಿನಿಂದ 45 ಮೀಟರಿಗೆ ಅದೇ ಗುಣಮಟ್ಟದ ಬೆಳಕು ಬೀಳಬೇಕಾದರೆ ತೀಕ್ಷ್ಣತೆ 14 ಪಟ್ಟು ಹೆಚ್ಚಬೇಕು. ಸಮತಟ್ಟಾದ ರಸ್ತೆಯಲ್ಲಿ ಹಾಯಾಗಿ ತುಳಿದುಕೊಂಡು ಹೋದ ದೀಪದಲ್ಲೇ ಘಾಟಿ ಇಳಿಯುವಾಗ ಸವಾರ ಕುರುಡನಾಗುವುದು ಇದರಿಂದಲೇ. ಆಗ ದೀಪ ಬದಲಿಸುವುದಕ್ಕಿಂತ ಬ್ರೇಕ್ ಹಿಡಿಯುವುದು ಅಗ್ಗ.

ಬೆಳಕಿನ ಆಕಾರ

ದೀಪ ಆರಿಸುವಾಗ ಜನ ಅತಿ ಕಡಿಮೆ ಗಮನ ಕೊಡುವ, ಅತಿ ಹೆಚ್ಚು ಗಮನ ಕೊಡಬೇಕಾದ ಸಂಗತಿ ಇದು.

ಟಾರ್ಚಿನಂಥ ಸಾಮಾನ್ಯ ದೀಪದಿಂದ ಹೊರಡುವುದು ದುಂಡನೆಯ ಬೆಳಕು. ರಸ್ತೆ ದುಂಡಗಿಲ್ಲ, ಸವಾರನ ಕಣ್ಣಿಗೆ ಅದು ಕಾಲ ಬುಡದಲ್ಲಿ ಅಗಲವಾಗಿ ದೂರದಲ್ಲಿ ಕಿರಿದಾಗಿ ಕಾಣುವ ಒಂದು ಪಟ್ಟಿ. ನೆಲದಿಂದ ಒಂದು ಮೀಟರ್ ಎತ್ತರದ ದೀಪದ ಬೆಳಕು 30 ಮೀಟರ್ ಆಚೆಯ ನೆಲವನ್ನು ಕೇವಲ ಎರಡು ಡಿಗ್ರಿ ಕೋನದಲ್ಲಿ ಸವರಿಕೊಂಡು ಹೋಗುತ್ತದೆ. ಹೀಗೆ ಓರೆಯಾಗಿ ಬಿದ್ದ ಬೆಳಕು ಉದ್ದಕ್ಕೆ ಹರಡಿ ತೆಳ್ಳಗಾಗುತ್ತದೆ. ಅಂದರೆ ದೂರದ ನೆಲಕ್ಕೆ ಬಹಳ ಬೆಳಕು, ಹತ್ತಿರದ ನೆಲಕ್ಕೆ ಸ್ವಲ್ಪ ಬೆಳಕು ಹೋಗಬೇಕು. ದುಂಡು ದೀಪ ಇದನ್ನು ತಿರುವುಮುರುವು ಮಾಡುತ್ತದೆ. ಕೆಳಗೆ ಬಗ್ಗಿಸಿದರೆ ಮೂರು ನಾಲ್ಕು ಮೀಟರ್ ಮುಂದೆ ಹಾಲು ಚೆಲ್ಲಿದ ಹಾಗೆ ಬೆಳಗುತ್ತದೆ. ಆ ಬೆಳ್ಳಗಿನ ನೆಲಕ್ಕೆ ಕಣ್ಣಿನ ಪಾಪೆ ಕುಗ್ಗಿ, ಆಚೆಗಿನ ಕತ್ತಲು ಇನ್ನಷ್ಟು ದಟ್ಟವಾಗುತ್ತದೆ. ಮೇಲಕ್ಕೆ ಎತ್ತಿದರೆ ಅರ್ಧ ಬೆಳಕು ಮರದ ಕೊಂಬೆಗೂ ಎದುರು ಬರುವವನ ಮುಖಕ್ಕೂ ಹೋಗುತ್ತದೆ.

ಕಾರಿನ ಡಿಪ್ ಲೈಟಿನ ಹಾಗೆ ಮೇಲಂಚು ಕತ್ತರಿಸಿದಂತೆ ಇರುವ ಬೆಳಕು ಇದಕ್ಕೆ ಪರಿಹಾರ. ಎಲ್‌ಇಡಿಯನ್ನು ಹಿಮ್ಮುಖವಾಗಿ ಕೂರಿಸಿ, ಲೆಕ್ಕ ಹಾಕಿ ರೂಪಿಸಿದ ಕನ್ನಡಿಯಿಂದ ಬೆಳಕನ್ನು ಹಿಂತಿರುಗಿಸಿ, ಅದರ ಬಹುಭಾಗವನ್ನು ಮೇಲಂಚಿನ ಕೆಳಗೇ ಒತ್ತಾಗಿ ಕೂರಿಸುತ್ತಾರೆ. ಮೇಲಂಚಿನ ಬೆಳಕು ದೂರದ ರಸ್ತೆಗೆ, ಕೆಳಗಿನ ತೆಳು ಬೆಳಕು ಹತ್ತಿರಕ್ಕೆ. ಗೋಡೆಯ ಮೇಲೆ ಬಿಟ್ಟು ನೋಡಿದರೆ ಒಂದು ಅಡ್ಡಗೆರೆ, ಕೆಳಗೆ ಬೆಳಕು, ಮೇಲೆ ಕತ್ತಲು. ಈ ಕಲೆಯಲ್ಲಿ ಮುಂದಿರುವವರು ಜರ್ಮನರು. ಅಲ್ಲಿ ಎಸ್‌ಟಿವಿಝಡ್‌ಒ ಎಂಬ ವಾಹನ ನಿಯಮಾವಳಿಯ 67ನೆಯ ಕಲಮು ಸೈಕಲ್ ದೀಪಕ್ಕೇ ಮೀಸಲು. 10 ಮೀಟರ್ ದೂರದಲ್ಲಿ ಅತ್ಯಂತ ಬೆಳಗಿದ ಜಾಗದಲ್ಲಿ ಕನಿಷ್ಠ 10 ಲಕ್ಸ್ ಇರಬೇಕು, ಮೇಲಂಚಿನಿಂದ ಆಚೆ ಕಣ್ಣು ಕುಕ್ಕುವಂತಿರಬಾರದು ಎಂಬುದು ಅಲ್ಲಿನ ಪರೀಕ್ಷೆಯ ತಿರುಳು. 1925ರಲ್ಲಿ ಶುರುವಾದ ಬುಷ್ ಉಂಟ್ ಮ್ಯೂಲರ್ ಕಂಪನಿಯ ಐಕ್ಯೂ-ಎಕ್ಸ್ ದೀಪ ಡೈನಮೊದ ಆ ಹಳೆಯ 2.4 ವಾಟ್‌ನಿಂದಲೇ 100 ಲಕ್ಸ್ ಎತ್ತುತ್ತದೆ. ಲ್ಯೂಮೆನ್ ಪಟ್ಟಿಯಲ್ಲಿ ತೀರ ಕೆಳಗೆ ಬರುವ ಇಂಥ ದೀಪ, ರಸ್ತೆಯ ಮೇಲೆ ಸಾವಿರ ಲ್ಯೂಮೆನ್‌ನ ಅಗ್ಗದ ದುಂಡು ದೀಪಕ್ಕಿಂತ ದೂರ ತೋರಿಸುವುದು ಸಾಮಾನ್ಯ ಅನುಭವ.

ಲಕ್ಸ್ ಅಂಕಿಯೂ ಪೂರ್ಣ ಸತ್ಯವಲ್ಲ ಎಂಬುದನ್ನು ಇಲ್ಲಿಯೇ ಹೇಳಬೇಕು. ಅದು ಒಂದು ಬಿಂದುವಿನ ಅಳತೆ. ನಡುವೆ ಮಾತ್ರ ಸೂಜಿಯಂತೆ ಚುಚ್ಚಿ ಎರಡೂ ಪಕ್ಕ ಕತ್ತಲು ಬಿಡುವ ದೀಪಕ್ಕೂ ದೊಡ್ಡ ಲಕ್ಸ್ ಬರಬಹುದು. ತಿರುವಿನಲ್ಲಿ ಸೈಕಲ್ ವಾಲಿದಾಗ ಪಕ್ಕದ ಬೆಳಕು ಇಲ್ಲದಿದ್ದರೆ ರಸ್ತೆಯೇ ಮಾಯ.

ದೀಪವನ್ನು ಎಷ್ಟು ಬಗ್ಗಿಸಬೇಕು ಎಂಬುದಕ್ಕೆ ಜರ್ಮನಿಯ ಹಳೆಯ ನಿಯಮದಲ್ಲಿ ಒಂದು ಸುಲಭ ಸೂತ್ರವಿತ್ತು: ಐದು ಮೀಟರ್ ಮುಂದೆ ಬೆಳಕಿನ ನಡುಭಾಗ ದೀಪದ ಎತ್ತರದ ಅರ್ಧಕ್ಕೆ ಇಳಿದಿರಬೇಕು. ಹಾಗೆ ಮಾಡಿದರೆ ಅದು ಹತ್ತು ಮೀಟರಿನಲ್ಲಿ ನೆಲ ಮುಟ್ಟುತ್ತದೆ. ಹಳೆಯ ಮಂದ ದೀಪಗಳಿಗೆ ಮಾಡಿದ ಸೂತ್ರ ಇದು. ಇಂದಿನ ಅಡ್ಡಗೆರೆಯ ದೀಪವನ್ನು ಇನ್ನೂ ಸ್ವಲ್ಪ ಎತ್ತಬಹುದು, ಗೆರೆ ಮಾತ್ರ ದೀಪದ ಎತ್ತರಕ್ಕಿಂತ ಕೆಳಗೇ ಉಳಿಯಬೇಕು.

ಬ್ಯಾಟರಿ, ಬಿಸಿ, ಸುಳ್ಳು ಅಂಕಿ

ಇಂದಿನ ಹೆಚ್ಚಿನ ದೀಪಗಳ ಒಳಗಿರುವುದು 18650 ಅಥವಾ 21700 ಎಂಬ ಲಿಥಿಯಂ ಅಯಾನ್ ಸೆಲ್. ಆ ಅಂಕಿಗಳು ಅಳತೆಗಳೇ: 18650 ಎಂದರೆ 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ. ಒಳ್ಳೆಯ 18650 ಸೆಲ್ಲಿನ ಸಾಮರ್ಥ್ಯ 3500 ಮಿಲಿಆಂಪಿಯರ್-ಗಂಟೆಯ ಆಸುಪಾಸು, 3.6 ವೋಲ್ಟಿನಿಂದ ಗುಣಿಸಿದರೆ ಹನ್ನೆರಡೂವರೆ ವಾಟ್-ಗಂಟೆ. ಒಳ್ಳೆಯ ದೀಪ ಒಂದು ವಾಟ್‌ನಿಂದ 100ರಿಂದ 150 ಲ್ಯೂಮೆನ್ ಕೊಡುತ್ತದೆ. ಅಂದರೆ 1000 ಲ್ಯೂಮೆನ್ ಎಂದರೆ ಏಳರಿಂದ ಹತ್ತು ವಾಟ್, ಒಂದು ಸೆಲ್ಲಿನಲ್ಲಿ ಒಂದೂಕಾಲರಿಂದ ಒಂದೂಮುಕ್ಕಾಲು ಗಂಟೆ. ಕಾಗದ ಪೆನ್ಸಿಲ್ ಹಿಡಿದು ಈ ಲೆಕ್ಕ ಮಾಡಬಲ್ಲವರಿಗೆ ಯಾವ ಜಾಹೀರಾತೂ ಟೋಪಿ ಹಾಕಲಾರದು.

ಆನ್‌ಲೈನ್ ಮಾರುಕಟ್ಟೆಯಲ್ಲಿ 20,000 ಲ್ಯೂಮೆನ್ ಎಂದು ಬರೆದ ಸೈಕಲ್ ದೀಪಗಳು ಅಗ್ಗಕ್ಕೆ ಸಿಗುತ್ತವೆ. ವಾಟ್‌ಗೆ 150ರಂತೆ ಉದಾರವಾಗಿ ಲೆಕ್ಕ ಹಾಕಿದರೂ ಅದಕ್ಕೆ 133 ವಾಟ್ ಬೇಕು. ಜೊತೆಗೆ ಬರುವ ನಾಲ್ಕು ಸೆಲ್ಲಿನ ಬ್ಯಾಟರಿ ಅಸಲಿಯೇ ಆಗಿದ್ದರೂ 50 ವಾಟ್-ಗಂಟೆ ಮೀರದು. ಇಪ್ಪತ್ತೆರಡು ಇಪ್ಪತ್ತಮೂರು ನಿಮಿಷದಲ್ಲಿ ಬರಿದಾಗಬೇಕು, ಅಷ್ಟರಲ್ಲಿ ಮುಷ್ಟಿ ಗಾತ್ರದ ದೀಪ ಇಸ್ತ್ರಿಪೆಟ್ಟಿಗೆಯಾಗಿರಬೇಕು. ಹಾಗೇನೂ ಆಗದೆ ಮೂರು ಗಂಟೆ ಉರಿಯುತ್ತದೆ ಎಂದರೆ ಅದು ಕೊಡುತ್ತಿರುವುದು ಎರಡೂವರೆ ಸಾವಿರದೊಳಗಿನ ಲ್ಯೂಮೆನ್ ಮಾತ್ರ. ಸೆಲ್ಲಿನ ಮೇಲೆ 9900 ಮಿಲಿಆಂಪಿಯರ್-ಗಂಟೆ ಎಂದು ಅಚ್ಚಾಗಿದ್ದರೆ ಅದೂ ಇದೇ ವಂಶದ್ದು. ಆ ಗಾತ್ರದಲ್ಲಿ ಅಷ್ಟು ಸಾಮರ್ಥ್ಯದ ಸೆಲ್ ಇಲ್ಲ. ತಕ್ಕಡಿಯಲ್ಲಿ ಇಟ್ಟರೂ ಸುಳಿವು ಸಿಗುತ್ತದೆ. ಅಸಲಿ 18650 ಸೆಲ್ 45ರಿಂದ 50 ಗ್ರಾಂ ತೂಗುತ್ತದೆ. ತೀರ ಹಗುರವಾಗಿದ್ದರೆ ಒಳಗೆ ಸರಕು ಕಡಿಮೆ. ಸುಳ್ಳು ಲ್ಯೂಮೆನ್‌ಗಿಂತ ಕಳಪೆ ಸೆಲ್ ಅಪಾಯಕಾರಿ. ಉಬ್ಬಿದ, ಸೋರಿದ, ನೀರು ಹೊಕ್ಕ ಬ್ಯಾಟರಿಯನ್ನು ಚಾರ್ಜಿಗೆ ಹಾಕಲೇಬಾರದು.

ಅಸಲಿ ಕಂಪನಿಗಳ ಅಂಕಿಗಳಲ್ಲೂ ಒಂದು ನಯವಾದ ಜಾಣತನವಿದೆ. ಎಫ್‌ಎಲ್-1 ಮಾನಕದಲ್ಲಿ ಲ್ಯೂಮೆನ್ ಅಳೆಯುವುದು ದೀಪ ಹೊತ್ತಿಸಿದ 30 ಸೆಕೆಂಡಿನಿಂದ ಎರಡು ನಿಮಿಷದೊಳಗೆ; ಉರಿಯುವ ಅವಧಿಯನ್ನು ಅಳೆಯುವುದು ಬೆಳಕು ಮೊದಲಿನ ಹತ್ತನೆಯ ಒಂದು ಭಾಗಕ್ಕೆ ಇಳಿಯುವವರೆಗೆ. 1000 ಲ್ಯೂಮೆನ್, ಮೂರು ಗಂಟೆ ಎಂದು ಬರೆದಿದ್ದರೆ ಮೂರನೆಯ ಗಂಟೆಯ ಕೊನೆಗೆ ಕೈಯಲ್ಲಿರುವುದು 100 ಲ್ಯೂಮೆನ್ ಇರಬಹುದು. ಸುಳ್ಳಲ್ಲ, ಆದರೆ ಘಾಟಿಯ ನಡುವೆ ನಿಂತವರಿಗೆ ಆ ಸಮಾಧಾನ ಸಾಲದು. ಬೆಳಕು ಕಾಲದೊಂದಿಗೆ ಹೇಗೆ ಇಳಿಯುತ್ತದೆ ಎಂಬ ನಕ್ಷೆ ಕೊಡುವ ಕಂಪನಿಯನ್ನು ನಂಬಬಹುದು. ಕೊನೆಯವರೆಗೆ ಸಮವಾಗಿ ಉರಿದು ಥಟ್ಟನೆ ಆರುವ ದೀಪವೂ ಬೇಡ. ಕೊನೆಯಲ್ಲಿ ಮಂದ ಬೆಳಕಿಗೆ ಇಳಿದು ಅರ್ಧ ಗಂಟೆಯಾದರೂ ಮನೆ ಮುಟ್ಟಿಸುವಂತಿರಬೇಕು.

ಬೆಳಕು ಇಳಿಯಲು ಇನ್ನೊಂದು ಕಾರಣ ಬಿಸಿ. ಎಲ್‌ಇಡಿಗೆ ಹೋದ ವಿದ್ಯುತ್ತಿನ ಅರ್ಧಕ್ಕಿಂತ ಹೆಚ್ಚು ಶಾಖವಾಗಿ ಹೊರಡುತ್ತದೆ. ಅಲ್ಯೂಮಿನಿಯಂ ಮೈ, ಅದರ ಮೇಲಿನ ಏಣುಗಳು ಇರುವುದು ಆ ಶಾಖವನ್ನು ಗಾಳಿಗೆ ಬಿಡಲು. ಸೈಕಲ್ ಓಡುತ್ತಿದ್ದರೆ ಸರಿ; ಏರಿನಲ್ಲಿ ಏದುಸಿರು ಬಿಡುತ್ತ ಆರೇಳು ಕಿಲೋಮೀಟರ್ ವೇಗದಲ್ಲಿ ಹತ್ತುವಾಗ ಗಾಳಿ ಸಾಲದೆ ದೀಪ ತಾನೇ ಬೆಳಕು ಇಳಿಸಿಕೊಳ್ಳುತ್ತದೆ. ಪೂರ್ತಿ ಪ್ಲಾಸ್ಟಿಕ್ ಮೈಯಲ್ಲಿ ದೊಡ್ಡ ಲ್ಯೂಮೆನ್ ಬರೆದಿದ್ದರೆ ಸಂಶಯಪಡುವುದು ಒಳ್ಳೆಯದು.

ರಾತ್ರಿಯಿಡೀ ತುಳಿಯುವವರಿಗೆ

ಗಡುವಿನೊಳಗೆ ಮುಗಿಸಬೇಕಾದ, ದೀರ್ಘ ದೂರದ ಬ್ರೆವೆ ಸವಾರಿಗಳಲ್ಲಿ ದೀಪದ ಪ್ರಶ್ನೆ ಬೇರೆ ರೂಪ ತಳೆಯುತ್ತದೆ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40 ಗಂಟೆಯ ಗಡುವು. 400 ದಾಟಿದರೆ ರಾತ್ರಿ ತಪ್ಪಿದ್ದಲ್ಲ. ಇವುಗಳ ಮೂಲ ಫ್ರಾನ್ಸ್. 1891ರಲ್ಲಿ ಮೊದಲು ನಡೆದ, ಈಗ ನಾಲ್ಕು ವರ್ಷಕ್ಕೊಮ್ಮೆ ಬರುವ 1200 ಕಿ.ಮೀ.ಗಳ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ಬ್ರೆವೆ ಸವಾರರ ತೀರ್ಥಯಾತ್ರೆ. ಅದಕ್ಕೆ ಹೆಚ್ಚೆಂದರೆ 90 ಗಂಟೆ. ಭಾರತದಲ್ಲಿ ಬ್ರೆವೆಗಳು ಬಲವಾಗಿ ಬೇರೂರಿರುವ ಊರುಗಳಲ್ಲಿ ಬೆಂಗಳೂರು ಒಂದು, ಮೈಸೂರಿನ ಸವಾರರೂ ಹಿಂದೆ ಬಿದ್ದಿಲ್ಲ. ಬ್ರೆವೆಗಳಲ್ಲಿ ಸೈಕಲ್ಲಿಗೆ ಬಿಗಿದ ಮುಂದೀಪ, ಹಿಂದೀಪ, ಮೈಮೇಲೆ ಬೆಳಕು ಪ್ರತಿಫಲಿಸುವ ಅಂಗಿ ಇಲ್ಲದೆ ರಾತ್ರಿ ಸವಾರಿಗೆ ಬಿಡುವುದಿಲ್ಲ.

ಕರ್ನಾಟಕದಲ್ಲಿ ರಾತ್ರಿ ಎಂದರೆ ಹೆಚ್ಚುಕಡಿಮೆ ಹನ್ನೆರಡು ಗಂಟೆ. 300 ಲ್ಯೂಮೆನ್‌ನಲ್ಲಿ ಇಡೀ ರಾತ್ರಿ ಓಡಿಸಬೇಕಾದರೆ 3 ವಾಟ್‌ನಂತೆ 36 ವಾಟ್-ಗಂಟೆ, ಅಂದರೆ ಮೂರು 18650 ಸೆಲ್. ಸೆಲ್ ಬದಲಿಸಬಹುದಾದ ದೀಪ ಇಲ್ಲಿ ವರ. ಸೆಲ್ ಒಳಗೇ ಮುಚ್ಚಿರುವ ದೀಪವಾದರೆ, ಉರಿಯುತ್ತಿರುವಾಗಲೇ ಪವರ್ ಬ್ಯಾಂಕಿನಿಂದ ಚಾರ್ಜ್ ಆಗುತ್ತದೆಯೇ ಎಂದು ಕೊಳ್ಳುವ ಮುಂಚೆ ಕೇಳಬೇಕು. ಎಲ್ಲ ದೀಪಗಳೂ ಅದಕ್ಕೆ ಒಪ್ಪುವುದಿಲ್ಲ. ಮಳೆಯಲ್ಲಿ ಚಾರ್ಜಿನ ರಬ್ಬರ್ ಮುಚ್ಚಳ ತೆರೆದು ಓಡಿಸಿದರೆ ನೀರು ನಿರೋಧಕ ಎಂದು ಬರೆದದ್ದಕ್ಕೆ ಅರ್ಥವಿಲ್ಲ.

ಈ ತಲೆನೋವೇ ಬೇಡ ಎನ್ನುವವರು ಹಬ್ ಡೈನಮೊಗೆ ಹೋಗುತ್ತಾರೆ. ಜರ್ಮನಿಯ ಟ್ಯೂಬಿಂಗೆನ್ ಊರಿನ ಸೋನ್, ಜಪಾನಿನ ಶಿಮಾನೊ, ತೈವಾನಿನ ಶಟರ್ ಪ್ರಿಸಿಷನ್ ಇದರಲ್ಲಿ ಹೆಸರಾದವು. ದೀಪ ಹೊತ್ತಿಸಿದಾಗ ಇವು ಸವಾರನ ಕಾಲಿನಿಂದ ಕಸಿದುಕೊಳ್ಳುವುದು ಸಾಮಾನ್ಯ ವೇಗದಲ್ಲಿ ಐದಾರು ವಾಟ್. ಸಾವಧಾನವಾಗಿ ತುಳಿಯುವವನೂ ನೂರರ ಸುತ್ತ ವಾಟ್ ಹಾಕುತ್ತಾನೆ, ಆದ್ದರಿಂದ ಭಾರ ಎನಿಸುವುದಿಲ್ಲ. ನಿಂತರೆ ಆರುವ ಹಳೆಯ ಕಾಯಿಲೆಯನ್ನು ದೀಪದೊಳಗಿನ ಕೆಪಾಸಿಟರ್ ವಾಸಿಮಾಡಿದೆ. ನಿಂತ ಮೇಲೂ ಕೆಲವು ನಿಮಿಷ ಸಣ್ಣ ಬೆಳಕು ಉಳಿಯುತ್ತದೆ. ಕೊರತೆ ಮೂರು: ಆರಂಭದ ಖರ್ಚು ಹೆಚ್ಚು, ಮುಂಚಕ್ರವನ್ನೇ ಹೊಸದಾಗಿ ಕಟ್ಟಿಸಬೇಕು, ಹತ್ತು ಕಿಲೋಮೀಟರಿಗಿಂತ ಕಡಿಮೆ ವೇಗದ ಏರಿನಲ್ಲಿ ಬೆಳಕು ಮಂಕು. ಜರ್ಮನಿಯಲ್ಲಿ 2013ರವರೆಗೆ ಹೆಚ್ಚಿನ ಸೈಕಲ್ಲುಗಳಿಗೆ ಡೈನಮೊ ಕಡ್ಡಾಯವಾಗಿತ್ತು. ಆಮೇಲೆ ಬ್ಯಾಟರಿ ದೀಪಕ್ಕೆ, 2017ರಲ್ಲಿ ಹೈಬೀಮ್ ಇರುವ ದೀಪಕ್ಕೂ ಅನುಮತಿ ಸಿಕ್ಕಿತು.

ಹ್ಯಾಂಡಲ್ಲೋ ಹೆಲ್ಮೆಟ್ಟೋ

ಗುಂಡಿ ಕಾಣುವುದು ಅದರ ನೆರಳಿನಿಂದ. ದೀಪ ಕಣ್ಣಿಗಿಂತ ಎಷ್ಟು ಕೆಳಗಿದ್ದರೆ ನೆರಳು ಅಷ್ಟು ಚೆನ್ನಾಗಿ ಕಾಣುತ್ತದೆ. ಹೆಲ್ಮೆಟ್ಟಿನ ದೀಪ ಕಣ್ಣಿನ ಪಕ್ಕದಲ್ಲೇ ಇರುವುದರಿಂದ ನೆರಳು ವಸ್ತುವಿನ ಹಿಂದೆಯೇ ಅಡಗಿ, ಗುಂಡಿಯೂ ಉಬ್ಬೂ ಸಪಾಟಾಗಿ ಕಾಣುತ್ತವೆ. ಬಣ್ಣ ಬಳಿಯದ ಹಂಪು, ಕಿತ್ತುಹೋದ ಡಾಂಬರು ಇರುವ ನಮ್ಮ ರಸ್ತೆಗಳಿಗೆ ಹ್ಯಾಂಡಲ್ಲಿನ ಅಥವಾ ಫೋರ್ಕಿನ ದೀಪವೇ ಸರಿ. ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ ಮಂಜು ಕವಿದಾಗ ಈ ವ್ಯತ್ಯಾಸ ಇನ್ನೂ ಕಟುವಾಗುತ್ತದೆ. ತಲೆಯ ದೀಪದ ಬೆಳಕು ಮಂಜಿನ ಹನಿಗಳಿಗೆ ಬಡಿದು ನೇರ ಕಣ್ಣಿಗೇ ವಾಪಸು ಬಂದು ಬಿಳಿ ಗೋಡೆ ಕಟ್ಟುತ್ತದೆ. ಅಲ್ಲಿ ಬೆಳಕು ಹೆಚ್ಚಿಸಿದಷ್ಟೂ ಕಾಣುವುದು ಕಡಿಮೆ. ದೀಪ ಕೆಳಗಿರಬೇಕು, ಮೇಲಂಚು ಕತ್ತರಿಸಿರಬೇಕು, ಮಂದವಾಗಿರಬೇಕು.

ಕಾಡಿನ ಕಾಲುದಾರಿಯ ಕತೆ ಬೇರೆ. ಅಲ್ಲಿ ಹ್ಯಾಂಡಲ್ ಒಂದು ಕಡೆ ತಿರುಗಿದ್ದಾಗ ಕಣ್ಣು ಮುಂದಿನ ತಿರುವನ್ನು ಹುಡುಕುತ್ತಿರುತ್ತದೆ, ತಲೆಗೆ ತಾಗುವ ಕೊಂಬೆಯೂ ಕಾಣಬೇಕು. ಹ್ಯಾಂಡಲ್ಲಿಗೆ ಸಾವಿರಕ್ಕೆ ಮೇಲ್ಪಟ್ಟ ಲ್ಯೂಮೆನ್‌ನ ಅಗಲ ಬೆಳಕು, ಹೆಲ್ಮೆಟ್ಟಿಗೆ ಅದರ ಅರ್ಧದಷ್ಟರ ಹಗುರ ದೀಪ ಎಂಬ ಜೋಡಿ ಗುಡ್ಡದ ಸವಾರರಲ್ಲಿ ರೂಢಿ. ದುಂಡು ಬೆಳಕು ನಿಜವಾಗಿ ಉಪಯೋಗಕ್ಕೆ ಬರುವುದೂ ಇಲ್ಲಿಯೇ, ಕಣ್ಣು ಕುಕ್ಕಿಸಿಕೊಳ್ಳಲು ಎದುರಿಗೆ ಯಾರೂ ಇಲ್ಲದ ಕಡೆ.

ಬೆಳಕಿನ ಬಣ್ಣದ ವಿಚಾರದಲ್ಲಿ ರುಚಿಭೇದವಿದೆ. 6000 ಕೆಲ್ವಿನ್ ದಾಟಿದ ನೀಲಿಬಿಳಿ ಬೆಳಕಿನಲ್ಲಿ ಲ್ಯೂಮೆನ್ ತುಸು ಹೆಚ್ಚು ಸಿಗುತ್ತದೆ, ತಯಾರಕರಿಗೆ ಅದೇ ಪ್ರಿಯ. ಮಣ್ಣಿನ ದಾರಿಯಲ್ಲಿ 4000ದಿಂದ 5000 ಕೆಲ್ವಿನ್‌ನ ಬೆಳಕಿನಲ್ಲಿ ಕೆಂಪು ಮಣ್ಣು, ಒಣಎಲೆ, ಕಲ್ಲುಗಳ ಬಣ್ಣ ಬೇರೆಬೇರೆಯಾಗಿ ತೋರುತ್ತವೆ ಎಂದು ಅನೇಕ ಸವಾರರು ಹೇಳುತ್ತಾರೆ. ಆಯ್ಕೆ ಇದ್ದರೆ ಎರಡನೆಯದೇ ಲೇಸು.

ಎದುರಿನವರ ಕಣ್ಣು

ಮಿನುಗುವ ದೀಪದ ಬಗ್ಗೆ ದೇಶದಿಂದ ದೇಶಕ್ಕೆ ಕಾನೂನು ಬೇರೆ. ಜರ್ಮನಿಯಲ್ಲಿ ನಿಷಿದ್ಧ, ಬ್ರಿಟನ್ನಿನಲ್ಲಿ 2005ರಿಂದ ಒಪ್ಪಿಗೆ ಇದೆ. ಹಗಲಿನಲ್ಲಿ, ಮುಸ್ಸಂಜೆಯಲ್ಲಿ ಮಿನುಗು ಗಮನ ಸೆಳೆಯುತ್ತದೆ. ಕಾರ್ಗತ್ತಲಲ್ಲಿ ಮಾತ್ರ ಅದು ಸೈಕಲ್ ಎಷ್ಟು ದೂರದಲ್ಲಿದೆ, ಎಷ್ಟು ವೇಗದಲ್ಲಿ ಬರುತ್ತಿದೆ ಎಂದು ಎದುರಿನವರಿಗೆ ತಿಳಿಯದಂತೆ ಮಾಡುತ್ತದೆ, ಸವಾರನಿಗೂ ರಸ್ತೆ ತುಂಡುತುಂಡಾಗಿ ಕಾಣುತ್ತದೆ. ಹಗಲಿನಲ್ಲೂ ಹೊತ್ತಿರುವ ದೀಪದಿಂದ ಪ್ರಯೋಜನವಿದೆಯೇ ಎಂದು ಡೆನ್ಮಾರ್ಕಿನ ಓಡೆನ್ಸೆ ನಗರದಲ್ಲಿ 2004-05ರಲ್ಲಿ 3845 ಸೈಕಲ್ ಸವಾರರ ಮೇಲೆ ಒಂದು ಪ್ರಯೋಗ ನಡೆಯಿತು. ಹಗಲೂ ರಾತ್ರಿ ದೀಪ ಉರಿಸಿದವರಲ್ಲಿ ಗಾಯದ ಅಪಘಾತಗಳು ಸುಮಾರು ಶೇ. 19ರಷ್ಟು ಕಡಿಮೆ ಎಂದು ಕಂಡುಬಂತು. ಆ ದೀಪಗಳು ಚಕ್ರದ ಕಡ್ಡಿಗೆ ಕಟ್ಟಿದ ಅಯಸ್ಕಾಂತದಿಂದ ಉರಿಯುವ ಪುಟಾಣಿಗಳು, ಪ್ರಖರ ದೀಪಗಳಲ್ಲ.

ಹೆದ್ದಾರಿಯಲ್ಲಿ ಲಾರಿ, ಕಾರುಗಳವರು ಹೈಬೀಮ್ ಇಳಿಸದೆ ಬರುತ್ತಾರೆ, ಅದಕ್ಕೆ ತಕ್ಕ ಉತ್ತರ ಎರಡು ಸಾವಿರ ಲ್ಯೂಮೆನ್ ಎಂಬ ವಾದ ಸವಾರರಲ್ಲಿ ಆಗಾಗ ಕೇಳಿಬರುತ್ತದೆ. ಕುರುಡಾದ ಚಾಲಕನ ಲಾರಿ ಯಾರ ಕಡೆಗೆ ಬರುತ್ತದೆ ಎಂದು ಯೋಚಿಸಿದರೆ ವಾದ ಅಲ್ಲಿಗೇ ಮುಗಿಯುತ್ತದೆ. ಅಂಥ ಹೊತ್ತಿನಲ್ಲಿ ದೃಷ್ಟಿಯನ್ನು ರಸ್ತೆಯ ಎಡಅಂಚಿನ ಬಿಳಿಗೆರೆಗೆ ಇಳಿಸಿ ವೇಗ ತಗ್ಗಿಸುವುದೊಂದೇ ದಾರಿ. ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು ಕಣ್ಣಿಗೆ ಅರ್ಧ ಗಂಟೆ ಬೇಕು, ಹಾಳಾಗಲು ಒಂದು ಕ್ಷಣ ಸಾಕು.

ಕೊಳ್ಳುವಾಗ

ರಸ್ತೆಯಲ್ಲಿ ಗಂಟೆಗೆ 20-30 ಕಿ.ಮೀ. ವೇಗದಲ್ಲಿ ಹೋಗುವವರಿಗೆ, ನಸುಕಿನಲ್ಲಿ ಬೆಂಗಳೂರು ಬಿಟ್ಟು ನಂದಿ ಬೆಟ್ಟದ ಕಡೆ ತುಳಿಯುವವರಿಗೆ, ಮೇಲಂಚು ಕತ್ತರಿಸಿದ 300ರಿಂದ 500 ಲ್ಯೂಮೆನ್‌ನ ದೀಪ ಧಾರಾಳ ಸಾಕು. ಬ್ರೆವೆಗೆ ಹೋಗುವವರು ಹಬ್ ಡೈನಮೊ, ಇಲ್ಲವೇ ಸೆಲ್ ಬದಲಿಸುವ ದೀಪ ನೋಡಬೇಕು. ಜೊತೆಗೆ ಒಂದು ಸಣ್ಣ ಬದಲಿ ದೀಪ. ಸಾವಿರದ ಮೇಲಿನದ್ದು ಕಾಡುದಾರಿಗೆ, ಕಡಿದಾದ ಇಳಿಜಾರಿಗೆ. ಮಲೆನಾಡಿನ ಮಳೆಗೆ ಐಪಿಎಕ್ಸ್ 4 ಎಂದರೆ ತುಂತುರು ತಡೆಯುವ ಮಟ್ಟಿಗೆ ಮಾತ್ರ. ಐಪಿಎಕ್ಸ್ 6 ಜೋರು ನೀರನ್ನು, ಐಪಿಎಕ್ಸ್ 7 ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗುವುದನ್ನು ತಡೆಯುತ್ತದೆ. ಕ್ಲಾಂಪು ಅಲುಗಾಡುವಂತಿದ್ದರೆ ಎಂಥ ದೀಪವೂ ವ್ಯರ್ಥ, ಮೊದಲ ಹಂಪಿಗೇ ಅದು ಮೂತಿ ಇಳಿಸುತ್ತದೆ. ಮುಂದೀಪಕ್ಕೆ ಎಲ್ಲ ದುಡ್ಡು ಸುರಿದು ಹಿಂದೀಪಕ್ಕೆ ಚಿಲ್ಲರೆ ಉಳಿಸುವುದು ಸಾಮಾನ್ಯ ತಪ್ಪು. ಕತ್ತಲಲ್ಲಿ ವಾಹನಗಳು ಹಿಂದಿನಿಂದಲೂ ಬರುತ್ತವೆ.

ದೀಪ ತಂದ ದಿನವೇ ಪೂರ್ತಿ ಚಾರ್ಜ್ ಮಾಡಿ, ಓಡುವ ಫ್ಯಾನಿನ ಮುಂದೆ ಇಟ್ಟು ಹೊತ್ತಿಸಿ. ನಿಮಗೆ ಬೇಕಾದ ಬೆಳಕಿನಲ್ಲಿ ಅದು ಎಷ್ಟು ಹೊತ್ತು ಉರಿಯಿತು ಎಂದು ಬರೆದಿಟ್ಟುಕೊಳ್ಳಿ. ವರ್ಷಕ್ಕೊಮ್ಮೆ ಅದನ್ನೇ ಮತ್ತೆ ಮಾಡಿ. ಅವಧಿ ಮೊದಲಿನ ಅರ್ಧಕ್ಕೆ ಇಳಿದಿದ್ದರೆ ಸೆಲ್ ಬದಲಿಸುವ ಕಾಲ ಬಂದಿದೆ.